ದಿಗಿಣ ಹಾರುವಾಗ ಫೋಕಸ್ ಯಾಕೆ ತಪ್ಪುತ್ತದೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಯಕ್ಷಗಾನ ಆಟಕ್ಕೆ ಹೋದರೆ ರಂಗಸ್ಥಳದ ಮುಂದೆ ಈಗ ನಾಲ್ಕೈದು ಕ್ಯಾಮೆರಾ ಇದ್ದೇ ಇರುತ್ತವೆ. ಬೆಳಗಿನ ಜಾವ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ತೆಗೆಯುತ್ತಾ ಪುಂಡುವೇಷದ, ಅಂದರೆ ತರುಣ ವೀರನ ಪಾತ್ರದ, ಹುಡುಗ ಕೇಳುತ್ತಾನೆ, "ಅಣ್ಣಾ, ನನ್ನ ದಿಗಿಣದ್ದು ಸಿಕ್ಕಿತಾ?" ದಿಗಿಣ ಎಂದರೆ ಹಾರಿ ಕುಣಿಯುವ ಕುಣಿತ. ಫೋಟೋ ದೊಡ್ಡದು ಮಾಡಿ ನೋಡಿದರೆ ಹಿಂದಿನ ಚೆಂಡೆಯವರ ಕೈ, ಚೆಂಡೆಯ ಹಗ್ಗ ಎಲ್ಲ ಸ್ಪಷ್ಟ. ಹಾರಿದವನ ಮುಖ ಮಾತ್ರ ಮಸುಕು. ಎಷ್ಟೋ ರಾತ್ರಿ ನಾನು ಲೆನ್ಸನ್ನೇ ದೂರಿದ್ದೇನೆ. ತಪ್ಪು ಹೆಚ್ಚಾಗಿ ಅಲ್ಲಿರಲಿಲ್ಲ.

ಮಾರುಕಟ್ಟೆಗೆ ಬಂದ ಮೊದಲ ಆಟೋಫೋಕಸ್ (ತಾನೇ ಫೋಕಸ್ ಮಾಡುವ) ಕ್ಯಾಮೆರಾ 1977ರ ಕೊನಿಕಾ ಸಿ35 ಎಎಫ್. ಮರುವರ್ಷ ಪೋಲರಾಯ್ಡ್ ಕಂಪನಿಯ ಕ್ಯಾಮೆರಾ ಬಾವಲಿಯ ಹಾಗೆ ಶಬ್ದದ ಅಲೆ ಕಳಿಸಿ, ಅದು ವಾಪಸ್ ಬರುವ ಹೊತ್ತು ನೋಡಿ ದೂರ ಅಳೆಯಿತು. ಎರಡೂ ಸುಮ್ನೆ ನಿಂತವರ ಫೋಟೋಕ್ಕೆ ಸಾಕಿತ್ತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳ ದಾರಿಯೇ ಬದಲಾಯಿತು. ಲೆನ್ಸಿನ ಎರಡು ಅಂಚಿನಿಂದ ಬಂದ ಬೆಳಕನ್ನು ಪಕ್ಕಪಕ್ಕ ಇಟ್ಟು ನೋಡಿ, ಫೋಕಸ್ ಮುಂದಿದೆಯೋ ಹಿಂದಿದೆಯೋ, ಎಷ್ಟು ತಿರುಗಿಸಬೇಕು ಎಂದು ಒಂದೇ ನೋಟಕ್ಕೆ ತಿಳಿಯುವ ವಿಧಾನ ಅದು. ಇದಕ್ಕೆ ಫೇಸ್ (phase) ಡಿಟೆಕ್ಷನ್ ಎನ್ನುತ್ತಾರೆ, ಮುಖ ಎಂಬ ಅರ್ಥದ ಫೇಸ್ ಅಲ್ಲ.

ಆದರೆ ಓಡುವವರ ವಿಷಯದಲ್ಲಿ ಒಂದು ತೊಡಕು ಉಳಿಯಿತು. ದೂರ ಅಳೆದದ್ದು ಈಗ. ಕನ್ನಡಿ ಮೇಲೆದ್ದು ಷಟರ್ ತೆರೆಯುವುದು ಸ್ವಲ್ಪ ಆಮೇಲೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 200 ಎಂಎಂ ಲೆನ್ಸ್ ಹಾಕಿ, ಲೆನ್ಸಿನ ಕಿಂಡಿಯನ್ನು ಎಫ್ 2.8ಕ್ಕೆ ಅಗಲ ತೆರೆದಿಟ್ಟು, 8 ಮೀಟರ್ ದೂರದ ವೇಷವನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಜಾಗ ಮುಂದೆ ಹಿಂದೆ ಸೇರಿ ಸುಮಾರು 27 ಸೆಂಟಿಮೀಟರ್. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನಮ್ಮತ್ತ ನುಗ್ಗುವ ವೇಷ 0.1 ಸೆಕೆಂಡಿನಲ್ಲೇ 30 ಸೆಂಟಿಮೀಟರ್ ದಾಟಿರುತ್ತದೆ. ಕ್ಯಾಮೆರಾ ಸರಿಯಾಗಿಯೇ ಅಳೆದಿತ್ತು, ವೇಷ ಅಲ್ಲಿರಲಿಲ್ಲ, ಅಷ್ಟೇ.

1988ರ ಮಿನೋಲ್ಟಾ 7000ಐ ಇದಕ್ಕೊಂದು ಉಪಾಯ ತಂದಿತು. ಮತ್ತೆ ಮತ್ತೆ ಅಳೆದು, ಷಟರ್ ತೆರೆಯುವ ಹೊತ್ತಿಗೆ ಓಡುವಾತ ಎಲ್ಲಿರುತ್ತಾನೆ ಎಂದು ಅಂದಾಜು ಮಾಡುವುದು. ಇಂದು ಕೆನಾನ್‌ನಲ್ಲಿ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ ಎಂದು ಕರೆಯುವುದು ಇದೇ ಬಗೆಯ ಕೆಲಸವನ್ನು. ಆಟಕ್ಕೆ ಹೋಗುವ ಮೊದಲು ನೋಡಬೇಕಾದ್ದೂ ಇದನ್ನೇ. ಒನ್ ಶಾಟ್ ಅಥವಾ ಎಎಫ್-ಎಸ್‌ನಲ್ಲಿ ಇಟ್ಟರೆ ಫೋಕಸ್ ಒಮ್ಮೆ ಕೂತು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ.

ಇಷ್ಟಾದರೂ ಚೆಂಡೆಯವರೇ ಯಾಕೆ ಸ್ಪಷ್ಟ? ನನಗೆ ಇದು ಅರ್ಥವಾಗಲು ತುಂಬಾ ದಿನ ಹಿಡಿಯಿತು. ದಿಗಿಣದಲ್ಲಿ ವೇಷ ಮೇಲಕ್ಕೆ ಹಾರುತ್ತದೆ, ನಮ್ಮಿಂದ ಇರುವ ದೂರ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಎದೆಯ ಮೇಲಿಟ್ಟ ಫೋಕಸ್ ಪಾಯಿಂಟ್ (ಕ್ಯಾಮೆರಾ ದೂರ ಅಳೆಯುವ ಚುಕ್ಕಿ) ಒಂದು ಕ್ಷಣ ಖಾಲಿ ಜಾಗಕ್ಕೆ ಬೀಳುತ್ತದೆ. ಅಲ್ಲಿ ಹಿಂದೆ ಚೆಂಡೆ ಇದೆ. ಕ್ಯಾಮೆರಾ ಅದನ್ನೇ ಹಿಡಿಯುತ್ತದೆ. ಒಂದೇ ಪಾಯಿಂಟ್ ಬದಲು ಅದರ ಸುತ್ತಲಿನ ನಾಲ್ಕೈದನ್ನೂ ಸೇರಿಸಿ ಇಡುವುದು, ಟ್ರ್ಯಾಕಿಂಗ್ ತಕ್ಷಣ ಬೇರೆ ಕಡೆ ಜಿಗಿಯದಂತೆ ನಿಧಾನ ಮಾಡುವುದು, ಇವೆರಡರಿಂದ ನನ್ನ ಅರ್ಧ ತೊಂದರೆ ಕಡಿಮೆಯಾಯಿತು. ಎಲ್ಲ ಪಾಯಿಂಟನ್ನೂ ಕ್ಯಾಮೆರಾದ ಕೈಗೆ ಬಿಟ್ಟರೆ ಅದು ಜಾಸ್ತಿ ಹತ್ತಿರವಿದ್ದದ್ದಕ್ಕೆ, ಜಾಸ್ತಿ ಹೊಳೆಯುವುದಕ್ಕೆ ಹೋಗುತ್ತದೆ. ಕಿರೀಟದ ಅಂಚು, ಚಾಚಿದ ಬಿಲ್ಲು ಸ್ಪಷ್ಟ, ಕಣ್ಣು ಮಸುಕು.

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕಥೆ ಬೇರೆ. ಫೋಕಸ್ ಅಳೆಯುವ ಸೆನ್ಸರಿಗೆ ಬೇಕಾದದ್ದು ಗೆರೆ, ಅಂಚು, ಬೆಳಕು ಕತ್ತಲಿನ ವ್ಯತ್ಯಾಸ. ಕಪ್ಪು ಬಟ್ಟೆಯ ಮೇಲೆ ಪಾಯಿಂಟ್ ಇಟ್ಟರೆ ಲೆನ್ಸ್ ಅತ್ತಿತ್ತ ತಡಕಾಡುತ್ತದೆ. ಮುಖದ ಮೇಲೆ ಉಬ್ಬಿ ನಿಲ್ಲುವಂತೆ ಇಡುವ ಬಿಳಿ ಚುಟ್ಟಿಯ ಸಾಲಿಗೆ ಇಟ್ಟರೆ ಟಕ್ ಅಂತ ಕೂರುತ್ತದೆ. ಹಳೆಯ ಕ್ಯಾಮೆರಾಗಳಲ್ಲಿ ಮಧ್ಯದ ಪಾಯಿಂಟ್ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಓದುತ್ತಿತ್ತು, ಬದಿಯವು ಹೆಚ್ಚಾಗಿ ಒಂದನ್ನೇ. ಹಳೆ ಕ್ಯಾಮೆರಾ ಇದ್ದರೆ ಮಧ್ಯದ್ದನ್ನೇ ನಂಬಿ.

2008ರಲ್ಲಿ ಪ್ಯಾನಸಾನಿಕ್ ಜಿ1 ಎಂಬ ಮಿರರ್‌ಲೆಸ್ (ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾ ಬಂದಿತು. ಅದು ಚಿತ್ರ ಎಲ್ಲಿ ಹೆಚ್ಚು ಸ್ಪಷ್ಟ ಎಂದು ಮುಂದೆ ಹಿಂದೆ ಹೋಗಿ ಹುಡುಕುತ್ತಿತ್ತು. ಓಡುವವರಿಗೆ ಅದು ಆಗಿಬರಲಿಲ್ಲ. ಚಿತ್ರ ಹಿಡಿಯುವ ಮುಖ್ಯ ಸೆನ್ಸರಿನ ಮೇಲೆಯೇ ಫೇಸ್ ಡಿಟೆಕ್ಷನ್ ಬಂದ ಮೇಲೆ ಸುಧಾರಿಸಿತು. ಈಗಿನವು ಕಣ್ಣನ್ನೇ ಹುಡುಕಿ ಬೆನ್ನು ಹತ್ತುತ್ತವೆ. ಪುಂಡುವೇಷಕ್ಕೆ, ಸ್ತ್ರೀವೇಷಕ್ಕೆ ಇದು ನಿಜಕ್ಕೂ ವರ. ಚುಟ್ಟಿ ಇಟ್ಟ ರಾಕ್ಷಸನ ಮುಖವನ್ನು ಮಾತ್ರ ನನ್ನ ಕ್ಯಾಮೆರಾ ಎಷ್ಟೋ ಸಲ ಮುಖವೆಂದೇ ಒಪ್ಪಲಿಲ್ಲ. ಆಗ ಕೈಯಾರೆ ಪಾಯಿಂಟ್ ಇಡಲೇಬೇಕು.

ಫೋಕಸ್ ತಪ್ಪಿಲ್ಲದೆಯೂ ಚಿತ್ರ ಮಸುಕಾಗುತ್ತದೆ, ಅಲ್ವಾ? ಗೆಜ್ಜೆ ನೋಡಿ. ಒಂದೊಂದು ಗೆಜ್ಜೆಯೂ ಗೆರೆಯಾಗಿ ಎಳೆದಂತೆ ಕಂಡರೆ ಷಟರ್ ನಿಧಾನವಾಯಿತು. 1/500 ಸೆಕೆಂಡಿಗೆ ಏರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹೆಚ್ಚಾದರೆ ಆಗಲಿ. ಗೆಜ್ಜೆ ದುಂಡಗೆ, ಮೆತ್ತಗೆ ಹರಡಿದಂತಿದ್ದರೆ ಫೋಕಸ್ಸೇ ತಪ್ಪಿದೆ. ನಿಂತವರ ಫೋಟೋದಲ್ಲೂ ಪ್ರತಿ ಸಲ ಒಂದೇ ಕಡೆಗೆ ತಪ್ಪುತ್ತಿದ್ದರೆ ಮಾತ್ರ ಲೆನ್ಸನ್ನು ರಿಪೇರಿಯವರಿಗೆ ತೋರಿಸಿ.

ಇನ್ನೊಂದು ವಿಷಯ. ಅಂದಾಜು ಮಾಡಲು ಕ್ಯಾಮೆರಾಕ್ಕೆ ಒಂದೆರಡು ಅಳತೆಯಾದರೂ ಮೊದಲೇ ಸಿಗಬೇಕು. ಹಾರಿದ ಮೇಲೆ ಬಟನ್ ಒತ್ತಿದರೆ ಅದು ಸಿಗುವುದಿಲ್ಲ. ಹಾಗಾಗಿ ಚೆಂಡೆಯ ಪೆಟ್ಟು ಏರುತ್ತಿದ್ದಂತೆ, ಹುಡುಗ ದಿಗಿಣಕ್ಕೆ ಮೊದಲ ಹೆಜ್ಜೆ ಇಡುವಾಗಲೇ, ನಾನು ಬಟನ್ ಅರ್ಧ ಒತ್ತಿ ಅವನ ಮುಖದ ಜೊತೆಗೆ ತಿರುಗಲು ಶುರು ಮಾಡುತ್ತೇನೆ.