ಓಟದ ಮಕ್ಕಳನ್ನು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ

ಹೋಬಳಿ ಕ್ರೀಡಾಕೂಟ ಮುಗಿದ ವಾರ ಶಿರಾ, ಮುಳಬಾಗಿಲು, ಗೌರಿಬಿದನೂರು ಕಡೆಯ ಯಾವುದೋ ಒಂದು ಶಾಲೆಯಿಂದ ಸುದ್ದಿ ಬರುತ್ತದೆ. ಎಂಟನೇ ಕ್ಲಾಸಿನ ಹುಡುಗ 800 ಮೀಟರ್ ಓಟವನ್ನು 2 ನಿಮಿಷ 10 ಸೆಕೆಂಡಿಗೆ ಮುಗಿಸಿದನಂತೆ, ಅದೂ ಬರಿಗಾಲಲ್ಲಿ. ಪಿ.ಟಿ. ಮೇಷ್ಟ್ರಿಗೆ ಹಿಗ್ಗು, ಅಪ್ಪ ಅಮ್ಮನಿಗೆ ಕನಸು. ಇಂಥ ಮಕ್ಕಳಲ್ಲಿ ಎಷ್ಟೋ ಮಂದಿ ಪಿಯುಸಿ ಮುಗಿಯುವ ಹೊತ್ತಿಗೆ ಓಟ ಬಿಟ್ಟಿರುತ್ತಾರೆ. ಪ್ರತಿಭೆ ಬತ್ತಿ ಹೋಗಿರುವುದಿಲ್ಲ. ಹದಿಮೂರರಿಂದ ಹದಿನಾರರ ನಡುವೆ ಆ ಮೈಯೊಳಗೆ ಏನು ನಡೆಯುತ್ತಿತ್ತು ಎಂದು ಯಾರೂ ನೋಡಿರುವುದಿಲ್ಲ.

ಹುಡುಗನಿಗಿಂತ ಮೊದಲು ಮೈದಾನ ಅಳೆಯಿರಿ. 40 ಮೀಟರಿನ ಎರಡು ನೇರ ಹಾದಿ, 60 ಮೀಟರಿನ ಎರಡು ತಿರುವು ಇರುವ 200 ಮೀಟರ್ ಟ್ರ್ಯಾಕ್ ಹಾಕುತ್ತೀರಿ ಎನ್ನೋಣ. ಲೆಕ್ಕ ಹಿಡಿಯಬೇಕಾದದ್ದು ಸುಣ್ಣದ ಗೆರೆಯ ಮೇಲಲ್ಲ, ಗೆರೆಯಿಂದ 20 ಸೆಂ.ಮೀ. ಹೊರಗೆ. ಹಾಗಾಗಿ ತಿರುವಿನ ಗೆರೆ ಎಳೆಯುವಾಗ ತ್ರಿಜ್ಯ 18.90 ಮೀಟರ್ ಇರಬೇಕು. ಗೂಟಕ್ಕೆ ಕಟ್ಟಿದ ಹಗ್ಗ ಸಡಿಲಾಗಿ ಒಂದಡಿ ಒಳಗೆ ಬಂತೆಂದರೆ ಸುತ್ತಿಗೆ 1.9 ಮೀಟರ್ ಕಡಿಮೆ, ನಾಲ್ಕು ಸುತ್ತಿಗೆ ಏಳೂವರೆ ಮೀಟರಿಗೂ ಹೆಚ್ಚು. 2:10ರ ಓಟಗಾರನಿಗೆ ಅಷ್ಟು ದೂರವೆಂದರೆ ಒಂದೂಕಾಲು ಸೆಕೆಂಡು. ಹಗ್ಗ ಬಿಟ್ಟು ಸ್ಟೀಲ್ ಟೇಪು ಹಿಡಿಯಿರಿ.

ಆಮೇಲೆ ಒಟ್ಟು ಸಮಯದ ಜೊತೆಗೆ ಒಂದೊಂದು ಸುತ್ತಿನ ಸಮಯವನ್ನೂ ಬರೆದುಕೊಳ್ಳಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ 400 ಮೀಟರಿಗೆ 49.28 ಸೆಕೆಂಡು, ಎರಡನೆಯದಕ್ಕೆ 51.63. ಅಂತರ ಎರಡೂವರೆ ಸೆಕೆಂಡೂ ಇಲ್ಲ. ನಮ್ಮ ಹಳ್ಳಿ ಮೈದಾನದ ಹುಡುಗ ಸೀಟಿ ಊದಿದ ಕೂಡಲೇ ಪ್ರಾಣ ಬಿಟ್ಟು ಓಡಿ ಮೊದಲರ್ಧವನ್ನು 59ಕ್ಕೆ ಮುಗಿಸುತ್ತಾನೆ, ಉಳಿದರ್ಧಕ್ಕೆ 74 ತೆಗೆದುಕೊಳ್ಳುತ್ತಾನೆ. ಆ 15 ಸೆಕೆಂಡಿನ ಅಂತರ ಹೇಳುವುದು ಎರಡು ಮಾತು: ಕಾಲಿನಲ್ಲಿ ವೇಗವಿದೆ, ಉಸಿರಿನ ತಳಪಾಯ ಇನ್ನೂ ಬಿದ್ದಿಲ್ಲ. 800 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು, 1500ಕ್ಕೆ ಐದರಲ್ಲಿ ನಾಲ್ಕು ಪಾಲು ಬರುವುದು ಆಮ್ಲಜನಕದಿಂದ. ಆ ತಳಪಾಯ ಕಟ್ಟಲು ವರ್ಷಗಳೇ ಬೇಕು.

ಈಗ ಗೋಡೆಯ ವಿಷಯ. ಇದಕ್ಕೆ ಖರ್ಚಿಲ್ಲ, ಆದರೂ ಮಾಡುವವರು ತೀರಾ ಕಡಿಮೆ. ಪ್ರತಿ ತಿಂಗಳ ಮೊದಲ ಸೋಮವಾರ, ಬೆಳಗಿನ ಪ್ರಾರ್ಥನೆಗೆ ಮುಂಚೆ, ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರವಾಗಿರಲಿ. ರಟ್ಟಿನ ಹೊದಿಕೆಯ ನೋಟ್‌ಬುಕ್ಕಿನ ಒಂದು ಅಂಚನ್ನು ಗೋಡೆಗೆ ಪೂರ್ತಿ ಒತ್ತಿ ಹಿಡಿದು ತಲೆಯ ಮೇಲೆ ಕೂರಿಸಿ, ಕೆಳಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಸಂಜೆ ಅಳೆದರೆ ಲೆಕ್ಕ ತಪ್ಪುತ್ತದೆ. ಇಡೀ ದಿನ ಓಡಾಡಿದ ಮೈ ಒಂದು ಸೆಂ.ಮೀ. ತನಕ ಕುಗ್ಗಿರುತ್ತದೆ.

ಮೂರು ತಿಂಗಳಲ್ಲಿ ಎರಡು ಸೆಂ.ಮೀ. ಅಥವಾ ಹೆಚ್ಚು ಏರಿದ್ದರೆ ಮಗು ದಿಢೀರ್ ಬೆಳೆಯುವ ಕಾಲದಲ್ಲಿದೆ ಎಂದು ತಿಳಿಯಿರಿ. ಹೆಣ್ಣುಮಕ್ಕಳಿಗೆ ಇದು ಸರಾಸರಿ 12ರ ಸುಮಾರಿಗೆ ಬರುತ್ತದೆ, ಗಂಡುಮಕ್ಕಳಿಗೆ 14ರ ಸುಮಾರಿಗೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಮತ್ತು ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹಿಂದಿನಿಂದ ಬರುತ್ತವೆ, ಮೂಳೆಯ ಗಟ್ಟಿತನ ಇನ್ನೂ ತಡವಾಗಿ ಬರುತ್ತದೆ. ಆದ್ದರಿಂದಲೇ ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದು ನೋವು, ಹಿಮ್ಮಡಿಯ ಹಿಂಭಾಗದಲ್ಲಿ ನೋವು. ಓಟದ ಶೈಲಿಯೂ ಕೆಡುತ್ತದೆ, ಮೊನ್ನೆವರೆಗೆ ಜಿಂಕೆಯಂತೆ ಓಡುತ್ತಿದ್ದವನು ಕೈಕಾಲು ಎತ್ತ ಹಾಕಬೇಕೆಂದು ತಿಳಿಯದವನಂತೆ ಓಡುತ್ತಾನೆ. ಆರು ತಿಂಗಳು ಓಟದ ಸಮಯ ಒಂದು ಸೆಕೆಂಡೂ ಸುಧಾರಿಸದೆ ಇರಬಹುದು. ‘ಸೋಮಾರಿಯಾದ, ಮೊಬೈಲು ಜಾಸ್ತಿಯಾಯ್ತು’ ಎಂದು ಬೈದು ಅಭ್ಯಾಸ ಇಮ್ಮಡಿ ಮಾಡಿಸುವುದು ಈ ಹೊತ್ತಿನಲ್ಲೇ, ಮಕ್ಕಳು ಓಟ ಬಿಡುವುದೂ ಈ ಹೊತ್ತಿನಲ್ಲೇ. ಈ ತಿಂಗಳುಗಳಲ್ಲಿ ಕುಪ್ಪಳಿಸುವ ವ್ಯಾಯಾಮ, ದಿಬ್ಬದ ಓಟ, ಸ್ಪೈಕ್ಸ್ ಶೂ ಮೂರನ್ನೂ ಬದಿಗಿಡಿ. ನಿಧಾನದ ಓಟ ಮಾತ್ರ ನಡೆಯಲಿ.

ಇದರ ಇನ್ನೊಂದು ಮುಖವೂ ಇದೆ. ಹದಿಮೂರಕ್ಕೇ ಮೀಸೆ ಚಿಗುರಿದ ಹುಡುಗ ಗೆಲ್ಲುವುದು ಸಹಜ, ಅವನ ಮೈ ಎರಡು ವರ್ಷ ಮುಂದಿದೆ. ನಾಲ್ಕನೆಯವನಾಗಿ ಬಂದ ಪುಟ್ಟ ಹುಡುಗನ ಹೆಸರನ್ನೂ ಬರೆದಿಟ್ಟುಕೊಳ್ಳಿ. ವಯಸ್ಸಿನ ದಾಖಲೆ ತಿದ್ದುವವರು ಒಂದು ಪದಕಕ್ಕಾಗಿ ಮಗುವಿನ ಮುಂದಿನ ದಾರಿಯನ್ನೇ ಮುಚ್ಚುತ್ತಾರೆ. ದೊಡ್ಡ ಕೂಟಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ.

ನ್ಯೂಜಿಲೆಂಡಿನ ಸ್ಯಾಮ್ ರೂತ್ 2025ರ ಮಾರ್ಚ್‌ನಲ್ಲಿ 15ನೇ ವಯಸ್ಸಿಗೇ ಒಂದು ಮೈಲಿಯನ್ನು 3:58.35ಕ್ಕೆ ಓಡಿದ. ಆ ವಯಸ್ಸಿನಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲಿಗ ಅವನು. ಅವನ ಅಜ್ಜಿ 1970ರ ಕಾಮನ್‌ವೆಲ್ತ್ ಕೂಟದಲ್ಲಿ 800 ಮೀಟರ್ ಗೆದ್ದವರು. ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ 2018ರಲ್ಲಿ 17ನೇ ವಯಸ್ಸಿಗೆ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 1500 ಮತ್ತು 5000 ಎರಡನ್ನೂ ಗೆದ್ದ. ಅವನ ‘ದಿನಕ್ಕೆರಡು ಬಾರಿ’ ಅಭ್ಯಾಸದ ವಿಡಿಯೊ ನೋಡಿ ನಮ್ಮ ಮಕ್ಕಳು ಬೆಳಗ್ಗೆ ಸಂಜೆ ಎರಡೂ ಹೊತ್ತು ದಮ್ಮು ಕಟ್ಟಿ ಓಡುತ್ತಾರೆ. ಅಲ್ಲಿ ಬೆರಳೋ ಕಿವಿಯೋ ಚುಚ್ಚಿ ರಕ್ತದ ಲ್ಯಾಕ್ಟೇಟ್ (ಜೋರು ಓಟದಲ್ಲಿ ಸ್ನಾಯುವಿನಿಂದ ರಕ್ತಕ್ಕೆ ಸೇರುವ ವಸ್ತು) ನೋಡಿ ವೇಗವನ್ನು ತಗ್ಗಿಸುತ್ತಾರೆ, ಆ ಪದ್ಧತಿಯ ಜೀವಾಳವೇ ತಡೆಹಿಡಿಯುವುದು. ನಮ್ಮವರನ್ನೇ ನೋಡಿ: ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್‌ನಲ್ಲಿ 800 ಮೀಟರನ್ನು 1:45.77ಕ್ಕೆ ಓಡಿದಾಗ ವಯಸ್ಸು 25, ಆ ರಾಷ್ಟ್ರೀಯ ದಾಖಲೆಯನ್ನು 2018ರಲ್ಲಿ ಮುರಿದ ಜಿನ್ಸನ್ ಜಾನ್ಸನ್‌ಗೆ 27. ಆತುರಕ್ಕೆ ಕಾರಣವೇ ಇಲ್ಲ.

ದಿಢೀರ್ ಬೆಳೆಯುವ ತಿಂಗಳುಗಳನ್ನು ಬಿಟ್ಟರೆ, 14-15ರ ಮಗುವಿಗೆ ವಾರದಲ್ಲಿ ಐದು ದಿನ, ಒಟ್ಟು 25ರಿಂದ 35 ಕಿ.ಮೀ. ಸಾಕು. ಮೂರು ದಿನ 30-40 ನಿಮಿಷ ನಿಧಾನದ ಓಟ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ. ಅದರಲ್ಲಿ ಎರಡು ದಿನ ಕೊನೆಗೆ 80 ಮೀಟರಿನ ಆರು ಓಟ, ವೇಗವಾಗಿ ಆದರೆ ಹಲ್ಲು ಕಚ್ಚದೆ. ಒಂದು ದಿನ 15 ನಿಮಿಷ ಸ್ವಲ್ಪ ಏದುಸಿರು ಬರುವ ಓಟ. ಇನ್ನೊಂದು ದಿನ 600 ಮೀಟರ್ ನಾಲ್ಕು ಸಲ, ನಡುವೆ ಎರಡೂವರೆ ನಿಮಿಷ ಬಿಡುವು, ನಾಲ್ಕನೆಯದು ಮೊದಲಿನಷ್ಟೇ ವೇಗದಲ್ಲಿ ಬರಬೇಕು. ಬರದಿದ್ದರೆ ಮೊದಲನೆಯದೇ ಜಾಸ್ತಿಯಾಗಿತ್ತು. ನಿಧಾನದ ಓಟಕ್ಕೆ ಡಾಂಬರು ಬೇಡ, ಕೆರೆ ಏರಿಯ ಮಣ್ಣು ಒಳ್ಳೆಯದು. ಕೋಲಾರದ ಅಂತರಗಂಗೆ ಬೆಟ್ಟದ ಕಲ್ಲಿನ ಮೆಟ್ಟಿಲನ್ನು ಹತ್ತಬಹುದು, ಓಡಿ ಇಳಿಯಬಾರದು. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿಗೆ ಹೊಸದಾಗಿ ಬರುವ ಮಣ್ಣಿನ ಮೈದಾನದ ಮಕ್ಕಳು ಮೊದಲ ತಿಂಗಳು ವಾರಕ್ಕೊಮ್ಮೆ ಮಾತ್ರ ಅಲ್ಲಿ ಓಡಲಿ.

ಊಟದ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟವಂತ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ರಾಗಿಯ ಕಬ್ಬಿಣ ಮಾತ್ರ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ, ಊಟದ ಹಿಂದೆಯೇ ಟೀ ಕೊಡಬೇಡಿ. ಓಡಿದ ಅರ್ಧ ಗಂಟೆಯೊಳಗೆ ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು ಹೊಟ್ಟೆಗೆ ಬೀಳಲಿ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಗೊತ್ತಿರುವ ಸಂಗತಿ, ಓಟದ ಮಕ್ಕಳು ಹೆಚ್ಚು ನೀರು ಕುಡಿಯುತ್ತಾರೆ, ಶುದ್ಧೀಕರಿಸಿದ ನೀರನ್ನೇ ಕೊಡಿ. ಹುಡುಗಿಗೆ 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ ಅಥವಾ ಬಂದದ್ದು ಮೂರು ತಿಂಗಳು ನಿಂತರೆ ಅದು ಕಠಿಣ ಅಭ್ಯಾಸದ ಗುರುತೆಂದು ಸುಮ್ಮನಿರಬೇಡಿ. ಊಟ ಸಾಲದೆ ಮೂಳೆ ಸವೆಯುತ್ತಿರಬಹುದು, ವೈದ್ಯರಿಗೆ ತೋರಿಸಿ. ಕಾರಣವಿಲ್ಲದೆ ಸುಸ್ತಾದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಿ.

ಒಂದೇ ದಿನ 800, 1500, ಸಂಜೆಗೆ ರಿಲೇ ಎಂದು ಒಬ್ಬನನ್ನೇ ಓಡಿಸಿ ಶಾಲೆಗೆ ಅಂಕ ತರುವ ರೂಢಿ ನಿಲ್ಲಲೇಬೇಕು. ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಕೂಟಗಳು ಒಂದರ ಹಿಂದೊಂದು ಬರುವಾಗ ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಮೂಳೆಯ ಒಳ ಅಂಚಿನ ಉದ್ದಕ್ಕೂ ಬೆರಳಿನಿಂದ ಒತ್ತುತ್ತಾ ಹೋಗಿ. ಗೇಣುದ್ದ ಹರಡಿದ ನೋವಾದರೆ ಓಟ ಅರ್ಧಕ್ಕಿಳಿಸಿ ಕಾಯಬಹುದು. ಒಂದೇ ಬೆರಳು ಮುಚ್ಚುವಷ್ಟು ಜಾಗದಲ್ಲಿ ಚುಳ್ಳೆಂದರೆ, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಇರಬಹುದು, ‘ಏನೂ ಇಲ್ಲ’ ಎಂಬ ವರದಿ ಹಿಡಿದು ಮೈದಾನಕ್ಕೆ ಕಳಿಸಬೇಡಿ. ವೈದ್ಯರು ಒಪ್ಪಿದ ಮೇಲೂ ಅರ್ಧ ಗಂಟೆ ನೋವಿಲ್ಲದೆ ಚುರುಕಾಗಿ ನಡೆಯುವುದು ಮೊದಲ ಪರೀಕ್ಷೆ. ಅದು ಪಾಸಾದರೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ, ದಿನ ಬಿಟ್ಟು ದಿನ. ಮರುದಿನ ಬೆಳಗ್ಗೆ ಅದೇ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, ನೋವಿದ್ದರೆ ಮತ್ತೆ ನಡಿಗೆಗೆ.