ರಿಪೋರ್ಟಿನಲ್ಲಿ ಸಿಕ್ಕ ವೈರಸ್ಸೇ ಕಾಯಿಲೆಗೆ ಕಾರಣವಾ?

ಕೆಮ್ಮು, ಏದುಸಿರು ಅಂತ ಆಸ್ಪತ್ರೆ ಸೇರಿದ ಮಗುವಿನ ಮೂಗಿನೊಳಗೆ ಹತ್ತಿಕಡ್ಡಿ ತೂರಿಸಿ ಸ್ವಾಬ್ ತೆಗೆಯುತ್ತಾರೆ. ಪಿಸಿಆರ್ ರಿಪೋರ್ಟ್ ಬರುತ್ತದೆ. ಅದರಲ್ಲಿ ವೈರಸ್‌ಗಳ ಉದ್ದನೆಯ ಪಟ್ಟಿ. ಒಂದರ ಮುಂದೆ ‘ಪಾಸಿಟಿವ್’ ಅಂತಿರುತ್ತದೆ, ಕೆಲವೊಮ್ಮೆ ಎರಡು ಮೂರರ ಮುಂದೆ. ಸದ್ಯ, ಕಾರಣ ಗೊತ್ತಾಯಿತಲ್ಲ ಎಂದು ಅಪ್ಪ ಅಮ್ಮ ಉಸಿರು ಬಿಡುತ್ತಾರೆ. ನಿಜಕ್ಕೂ ಗೊತ್ತಾಯಿತಾ?

ಪಿಸಿಆರ್ ಬಹಳ ಸೂಕ್ಷ್ಮವಾದ ಪರೀಕ್ಷೆ. ವೈರಸ್ಸಿನ ವಂಶವಾಹಿಯ ಚೂರುಪಾರು ಉಳಿದಿದ್ದರೂ ಹಿಡಿದುಬಿಡುತ್ತದೆ. ಮಾಮೂಲಿ ನೆಗಡಿ ತರುವ ರೈನೊವೈರಸ್ ನೆಗಡಿ ವಾಸಿಯಾದ ಮೇಲೂ ವಾರಗಟ್ಟಲೆ ಮೂಗಿನಲ್ಲಿ ಸಿಗುತ್ತದೆ. 2005ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾದ ಬೊಕಾವೈರಸ್ಸಂತೂ ತಿಂಗಳುಗಟ್ಟಲೆ ಅಲ್ಲೇ ಇರಬಲ್ಲದು. ಹಾಗಾಗಿ ಇವತ್ತು ಸಿಕ್ಕಿದ್ದು ಹೋದ ತಿಂಗಳ ನೆಗಡಿಯದ್ದೂ ಇರಬಹುದು.

ಇದನ್ನು ಬಿಡಿಸಿಕೊಳ್ಳಲು ಒಂದು ದಾರಿ ಇದೆ. ಹುಷಾರಾಗಿರುವ ಮಕ್ಕಳ ಮೂಗನ್ನೂ ನೋಡಬೇಕು. 2010ರಿಂದ 2012ರವರೆಗೆ ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನ ನಡೆಯಿತು. ಶೇ 70ಕ್ಕಿಂತ ಹೆಚ್ಚು ಮಕ್ಕಳಲ್ಲಿ ಒಂದಲ್ಲ ಒಂದು ವೈರಸ್ ಸಿಕ್ಕಿತು. ಬ್ಯಾಕ್ಟೀರಿಯಾ ಸಿಕ್ಕಿದ್ದು ಶೇ 15ರಷ್ಟು ಮಕ್ಕಳಲ್ಲಿ. ಮೊದಲೆರಡು ಸ್ಥಾನದಲ್ಲಿದ್ದ ಆರ್‌ಎಸ್‌ವಿ (ಉಸಿರಾಟದ ನಳಿಕೆಗಳಿಗೆ ತಗಲುವ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್) ಮತ್ತು ರೈನೊವೈರಸ್ ಹೆಚ್ಚು ಕಡಿಮೆ ಸಮಸಮ: ಶೇ 28 ಮತ್ತು 27. ಆದರೆ ಯಾವ ಲಕ್ಷಣವೂ ಇಲ್ಲದ ಮಕ್ಕಳನ್ನು ಪರೀಕ್ಷಿಸಿದಾಗ ಅವರಲ್ಲೂ ಶೇ 17ರಷ್ಟು ಮಂದಿಗೆ ರೈನೊವೈರಸ್ ಇತ್ತು! ಆರ್‌ಎಸ್‌ವಿ ಮಾತ್ರ ಅವರಲ್ಲಿ ಅಪರೂಪ. ಅಂದರೆ ಆರ್‌ಎಸ್‌ವಿ ಸಿಕ್ಕರೆ ಅದನ್ನೇ ದೂರಬಹುದು. ರೈನೊವೈರಸ್ ಸಿಕ್ಕರೆ ಸ್ವಲ್ಪ ತಡೆದು ಯೋಚಿಸಬೇಕು. ಹಾಗಂತ ಅದು ಸಾಧು ಅಂತಲ್ಲ, ಉಬ್ಬಸದ ಮಕ್ಕಳನ್ನು ಅದು ಚೆನ್ನಾಗಿಯೇ ಕಾಡುತ್ತದೆ.

ಎರಡು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಆರ್‌ಎಸ್‌ವಿ ತಗುಲಿರುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ನೆಗಡಿ ತಂದು ಸುಮ್ಮನಾಗುವ ಇದೇ ವೈರಸ್ ಎಳೆಗೂಸನ್ನು ಆಸ್ಪತ್ರೆಗೆ ಕಳಿಸುವುದೇಕೆ? ಉತ್ತರ ಗಾಳಿ ಹೋಗುವ ಕೊಳವೆಗಳ ಅಳತೆಯಲ್ಲಿದೆ. ಮಗುವಿನ ಶ್ವಾಸಕೋಶದ ತುದಿಯ ನಳಿಕೆಗಳು ಒಂದು ಮಿಲಿಮೀಟರಿಗಿಂತ ಸಣ್ಣ. ವೈರಸ್ ಅವುಗಳ ಒಳಪದರದ ಜೀವಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶಗಳು ಉದುರಿ, ಸಿಂಬಳದ ಜೊತೆ ಸೇರಿ ಬಿರಡೆಯಂತೆ ಕೂರುತ್ತವೆ. ಗೋಡೆಯೂ ಊದಿಕೊಳ್ಳುತ್ತದೆ. ನಳಿಕೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಆಗ ಮಗುವಿನ ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆ ಒಳಕ್ಕೆ ಎಳೆಯುತ್ತದೆ. ಹಾಲು ಕುಡಿಯುತ್ತಾ ನಡುನಡುವೆ ಬಿಟ್ಟು ಬಿಟ್ಟು ಉಸಿರೆಳೆದುಕೊಳ್ಳುತ್ತದೆ, ಆಮೇಲೆ ಕುಡಿಯುವುದನ್ನೇ ಬಿಡುತ್ತದೆ.

ಆಸ್ಪತ್ರೆಯಲ್ಲಿ ಮಾಡುವುದು ಆಕ್ಸಿಜನ್ ಕೊಡುವುದು, ಮೂಗು ಸಕ್ಷನ್ ಮಾಡುವುದು, ಡ್ರಿಪ್ ಅಥವಾ ಟ್ಯೂಬಿನಲ್ಲಿ ಆಹಾರ ಒದಗಿಸುವುದು. ‘ಇಷ್ಟೇನಾ, ಆಂಟಿಬಯಾಟಿಕ್ ಹಾಕಲ್ವಾ?’ ಅಂತ ಕೇಳುವವರು ಜಾಸ್ತಿ. ವೈರಸ್ಸಿಗೆ ಅದು ತಾಗುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾ ಸೇರಿದೆ ಅನ್ನಿಸಿದರೆ ಮಾತ್ರ ಅದರ ಕೆಲಸ.

ಆರ್‌ಎಸ್‌ವಿಗೆ ಲಸಿಕೆ ಮಾಡುವ ಪ್ರಯತ್ನ 1960ರ ದಶಕದಲ್ಲೇ ನಡೆದಿತ್ತು. ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ಕೊಂದ ವೈರಸ್ಸನ್ನು ಶಿಶುಗಳಿಗೆ ಕೊಟ್ಟರು. ಮುಂದೆ ನಿಜವಾದ ಸೋಂಕು ಬಂದಾಗ ಲಸಿಕೆ ಪಡೆದವರೇ ಹೆಚ್ಚು ನರಳಿದರು. ಇಬ್ಬರು ಮಕ್ಕಳು ತೀರಿಕೊಂಡರು. ಮುಂದಿನ ಹಲವು ದಶಕ ಈ ಕೆಲಸಕ್ಕೆ ಕೈ ಹಾಕಲು ಎಲ್ಲರಿಗೂ ಭಯ. ಎಡವಿದ್ದೆಲ್ಲಿ? ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಫ್ ಪ್ರೋಟೀನ್ ನುಗ್ಗುವ ಮೊದಲು ಒಂದು ಆಕಾರದಲ್ಲಿರುತ್ತದೆ, ನುಗ್ಗಿದ ಮೇಲೆ ಇನ್ನೊಂದು. ಹಳೆಯ ಲಸಿಕೆ ದೇಹಕ್ಕೆ ತೋರಿಸಿದ್ದು ಮುಖ್ಯವಾಗಿ ಎರಡನೆಯದನ್ನು. ಮೊದಲ ಆಕಾರ ಸ್ಪಷ್ಟವಾಗಿ ಕಂಡದ್ದು 2013ರಲ್ಲಿ. ಈಗ ಗರ್ಭಿಣಿಯರಿಗೆ ಕೊಡುವ ಲಸಿಕೆ, ಶಿಶುವಿಗೆ ನೇರವಾಗಿ ಚುಚ್ಚುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯ (ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್) ಎರಡೂ ಆ ಮೊದಲ ಆಕಾರವನ್ನೇ ಗುರಿಯಾಗಿಟ್ಟುಕೊಂಡಿವೆ. ಸ್ಪೇನಿನ ಗಲೀಸಿಯಾದಲ್ಲಿ 2023–24ರ ಚಳಿಗಾಲದಲ್ಲಿ ಶಿಶುಗಳಿಗೆ ನಿರ್ಸೆವಿಮ್ಯಾಬ್ ಕೊಟ್ಟಾಗ, ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವ ಪ್ರಮಾಣ ಸುಮಾರು ಶೇ 80ರಷ್ಟು ಇಳಿಯಿತು.

ಉಳಿದ ವೈರಸ್‌ಗಳ ವಿಷಯದಲ್ಲಿ ಇಷ್ಟು ಅದೃಷ್ಟ ಇಲ್ಲ. ಇನ್‌ಫ್ಲುಯೆಂಜಾ, ಕೋವಿಡ್ ಬಿಟ್ಟರೆ ಪಟ್ಟಿಯ ಹೆಚ್ಚಿನವಕ್ಕೆ ಮಕ್ಕಳ ಲಸಿಕೆ ಬಂದಿಲ್ಲ. ಮೆಟಾನ್ಯುಮೊವೈರಸ್ಸಿಗೂ (ಎಚ್‌ಎಂಪಿವಿ) ಇಲ್ಲ. 2025ರ ಆರಂಭದಲ್ಲಿ ಸುದ್ದಿವಾಹಿನಿಗಳು ಹೊಸ ಪೀಡೆ ಎಂಬಂತೆ ಸುಮ್ನೆ ಹೆದರಿಸಿದ ವೈರಸ್ ಇದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನು ಗುರುತಿಸಿದ್ದು 2001ರಲ್ಲಿ. ಅಲ್ಲಿ ಕಾಪಿಟ್ಟಿದ್ದ 1958ರ ರಕ್ತದ ಮಾದರಿಗಳಲ್ಲೂ ಇದರ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದವು. ಇನ್ನು ರೈನೊವೈರಸ್ಸಿನಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಅಷ್ಟಕ್ಕೂ ಒಂದೇ ಲಸಿಕೆ ಮಾಡಲು ಇದುವರೆಗೆ ಯಾರಿಗೂ ಆಗಿಲ್ಲ.