ಹಂಗಾಮಿ ಕುರ್ಚಿಗೆ ಗಡುವು ಎಲ್ಲಿದೆ?

ನೆರೆಯ ದೇಶಗಳಲ್ಲಿ ಚುನಾವಣೆ ಬಂದಾಗಲೆಲ್ಲ ನನ್ನ ಆಫೀಸಿನಲ್ಲಿ ಒಂದೇ ಮಾತು. "ನೋಡಿ ಸಾರ್, ಅಲ್ಲಿ ಒಬ್ಬ ನಿವೃತ್ತ ಜಡ್ಜ್‌ನ ಕೂರಿಸಿ ಎಲೆಕ್ಷನ್ ಮಾಡಿಸ್ತಾರೆ. ನಮ್ಮಲ್ಲೂ ಹಾಗೇ ಮಾಡಿದ್ರೆ ಎಲ್ಲ ಸರಿಹೋಗುತ್ತೆ." ಮೂವತ್ತು ವರ್ಷದಿಂದ ಸಹಕಾರ ಸಂಘಗಳ ಚುನಾವಣೆ ತಕರಾರುಗಳನ್ನೇ ನಡೆಸಿಕೊಂಡು ಬಂದ ವಕೀಲ ನಾನು. ಈ ಮಾತು ಕೇಳಿದರೆ ತಾಳ್ಮೆ ಕೆಡುತ್ತದೆ.

ಒಳ್ಳೆಯ ಮನುಷ್ಯ ಸಿಕ್ಕರೆ ಸಾಕು ಅಂತ ಎಲ್ಲರೂ ನಂಬಿದ್ದಾರೆ. ಅವರನ್ನು ಯಾವ ನಿಯಮದ ಮೇಲೆ ಆರಿಸಿದರು, ಯಾವ ದಿನ ಅವರು ಎದ್ದು ಹೋಗಬೇಕು ಅಂತ ಯಾರೂ ಕೇಳುವುದಿಲ್ಲ.

ಬಾಂಗ್ಲಾದೇಶವನ್ನೇ ನೋಡಿ. 1996ರ ಮಾರ್ಚ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಬಂತು. ಕೊನೆಯದಾಗಿ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿಯೇ, ಚುನಾವಣೆ ಮುಗಿಯುವವರೆಗೆ ಇರುವ ಹಂಗಾಮಿ ಸರ್ಕಾರದ ಮುಖ್ಯ ಸಲಹೆಗಾರ, ಅಂದರೆ ಅದರ ಮುಖ್ಯಸ್ಥ. 90 ದಿನದೊಳಗೆ ಚುನಾವಣೆ. ಅಲ್ಲಿಯವರೆಗೆ ದಿನನಿತ್ಯದ ಕೆಲಸ ಮಾತ್ರ. 1996ರಲ್ಲಿ ಹಬೀಬುರ್ ರೆಹಮಾನ್, 2001ರಲ್ಲಿ ಲತೀಫುರ್ ರೆಹಮಾನ್ ಹೀಗೆ ಚುನಾವಣೆ ಮಾಡಿಸಿದರು. ಎರಡೂ ಸಲ ಅಲ್ಲಿಯವರೆಗೆ ಆಳಿದ್ದ ಪಕ್ಷ ಸೋತಿತು. ಚೆನ್ನಾಗಿಯೇ ಇತ್ತು, ಅಲ್ವಾ?

2004ರಲ್ಲಿ 14ನೇ ತಿದ್ದುಪಡಿ ಬಂತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 65 ಇದ್ದದ್ದು 67 ಆಯಿತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮೇಲುನೋಟಕ್ಕೆ ಇದು ಜಡ್ಜ್‌ಗಳ ನೌಕರಿಯ ವಿಷಯ. ಆದರೆ ಹಂಗಾಮಿ ಕುರ್ಚಿ ಸಿಗುವುದು ಕೊನೆಯದಾಗಿ ನಿವೃತ್ತರಾದವರಿಗೆ. ನಿವೃತ್ತಿ ವಯಸ್ಸು ಎರಡು ವರ್ಷ ಮುಂದೆ ಹೋದರೆ, ಆಗ ಹುದ್ದೆಯಲ್ಲಿದ್ದವರು ಚುನಾವಣೆಗೆ ಮೊದಲು ನಿವೃತ್ತರಾಗುವುದಿಲ್ಲ. ಅಂದರೆ ಅವರಿಗಿಂತ ಹಿಂದೆ ನಿವೃತ್ತರಾದವರೇ 'ಕೊನೆಯವರು' ಆಗಿ ಉಳಿಯುತ್ತಾರೆ. ಹಾಗೆ ಉಳಿದವರು ಕೆ.ಎಂ. ಹಸನ್. ಅವರು ಹಿಂದೆ, ಆಗ ಆಳುತ್ತಿದ್ದ ಬಿಎನ್‌ಪಿ ಪಕ್ಷಕ್ಕೆ ಹತ್ತಿರ ಇದ್ದವರು ಅಂತ ವಿರೋಧ ಪಕ್ಷವಾದ ಅವಾಮಿ ಲೀಗ್ ಬೀದಿಗಿಳಿಯಿತು. ತಿದ್ದುಪಡಿಯ ಉದ್ದೇಶ ಅದೇ ಆಗಿತ್ತು ಅಂತ ವಕೀಲನಾಗಿ ನಾನು ಹೇಳಲಾರೆ. ಹಸನ್ ಅವರ ಪ್ರಾಮಾಣಿಕತೆಯ ಬಗ್ಗೆಯೂ ನನ್ನ ಮಾತಿಲ್ಲ. ಆದರೆ ಕುರ್ಚಿ ಯಾರಿಗೆ ಅಂತ ಮೊದಲೇ ಗೊತ್ತಿದ್ದರೆ, ಅಲ್ಲಿಗೆ ಹೋಗುವ ದಾರಿಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ನ್ಯಾಯಾಲಯದ ಬಡ್ತಿ, ನಿವೃತ್ತಿ ಎಲ್ಲದರಲ್ಲೂ ರಾಜಕೀಯದ ವಾಸನೆ ಬರತೊಡಗುತ್ತದೆ.

2006ರ ಅಕ್ಟೋಬರ್‌ನಲ್ಲಿ ಹಸನ್ ಹಿಂದೆ ಸರಿದರು. ರಾಷ್ಟ್ರಪತಿ ಇಯಾಜುದ್ದೀನ್ ಅಹ್ಮದ್ ಆ ಹುದ್ದೆಯನ್ನು ತಾವೇ ವಹಿಸಿಕೊಂಡರು. 2007ರ ಜನವರಿ 11ರಂದು ತುರ್ತು ಪರಿಸ್ಥಿತಿ ಬಂತು. ಹಿಂದೆ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಫಖ್ರುದ್ದೀನ್ ಅಹ್ಮದ್ ಅಧಿಕಾರಕ್ಕೆ ಬಂದರು, ಅವರ ಬೆನ್ನಿಗೆ ಸೇನೆ ಇತ್ತು. ಚುನಾವಣೆ ಆದದ್ದು 2008ರ ಡಿಸೆಂಬರ್ 29ಕ್ಕೆ. 90 ದಿನದ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಆ ಹೊತ್ತಿನಲ್ಲಿ ಫೋಟೊ ಇರುವ ಹೊಸ ಮತದಾರರ ಪಟ್ಟಿ ತಯಾರಾಯಿತು, ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಬಿಎನ್‌ಪಿಯ ನಾಯಕಿ ಖಾಲಿದಾ ಜಿಯಾ, ಅವಾಮಿ ಲೀಗ್‌ನ ನಾಯಕಿ ಶೇಖ್ ಹಸೀನಾ ಇಬ್ಬರೂ ಜೈಲು ಸೇರಿದ್ದೂ ಅದೇ ಅವಧಿಯಲ್ಲಿ. ಇದು ದಿನನಿತ್ಯದ ಕೆಲಸವಾ?

ನನಗೆ ಒಂದು ಹಾಲಿನ ಸೊಸೈಟಿಯ ಕೇಸು ನೆನಪಾಗುತ್ತದೆ. ಆಡಳಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯ. ಬಾಕಿ ಬಟವಾಡೆ ಮಾಡಿಸಿದರು, ಸೋರುವ ಸೂರು ರಿಪೇರಿ ಮಾಡಿಸಿದರು. ಅವರ ಅವಧಿ ಒಂದು ಸಲ ಮುಂದಕ್ಕೆ ಹೋಯಿತು, ಇನ್ನೊಂದು ಸಲವೂ ಹೋಯಿತು. ಯಾರೂ ತಕರಾರು ಎತ್ತಲಿಲ್ಲ. ಕೊನೆಗೆ ಮತದಾರರ ಪಟ್ಟಿ ಬಂದಾಗ ಒಬ್ಬ ಅಜ್ಜಿ ಹಾಲಿನ ಪಾಸ್‌ಬುಕ್ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಬಳಿ ಬಂದರು. "ಆ ಸಾಹೇಬ್ರು ಒಳ್ಳೇವ್ರೇ ಕಣಪ್ಪ. ಆದ್ರೆ ನನ್ನ ಹೆಸರು ಯಾಕಿಲ್ಲ?" ಇಪ್ಪತ್ತು ವರ್ಷ ಹಾಲು ಹಾಕಿದ್ದ ಜೀವ ಅದು. ಊರಿನವರೇ ಡೈರೆಕ್ಟರ್ ಆಗಿದ್ದರೆ ಅವರ ಜಗಲಿಗೆ ಹೋಗಿ ಜಗಳ ಆಡುತ್ತಿದ್ದರು. ವರ್ಗವಾಗಿ ಹೋಗುವ ಅಧಿಕಾರಿಯ ಜಗಲಿ ಯಾವ ಊರಲ್ಲಿ ಹುಡುಕಬೇಕು?

ಹಾಗಂತ ಹಂಗಾಮಿ ವ್ಯವಸ್ಥೆ ತೆಗೆದುಹಾಕಿದರೆ ಸಾಕು ಅಂತಲೂ ನಾನು ಹೇಳುತ್ತಿಲ್ಲ. ಬಾಂಗ್ಲಾದೇಶ 2011ರಲ್ಲಿ ಅದನ್ನು ತೆಗೆದೇ ಬಿಟ್ಟಿತು. 2014ರ ಚುನಾವಣೆಯನ್ನು ವಿರೋಧ ಪಕ್ಷಗಳು ಬಹಿಷ್ಕರಿಸಿದವು. 300 ಕ್ಷೇತ್ರಗಳಲ್ಲಿ 153ರಲ್ಲಿ ಮತದಾನವೇ ಇಲ್ಲದೆ ಅವಿರೋಧ ಆಯ್ಕೆ ಆಯಿತು. ಪಾಕಿಸ್ತಾನದಲ್ಲಿ ಪ್ರಧಾನಿಯೂ ವಿರೋಧ ಪಕ್ಷದ ನಾಯಕರೂ ಕೂತು ಹಂಗಾಮಿ ಪ್ರಧಾನಿಯ ಹೆಸರು ಒಪ್ಪಬೇಕು. ಒಪ್ಪದಿದ್ದರೆ ಸಂಸದೀಯ ಸಮಿತಿ, ಅದೂ ಒಪ್ಪದಿದ್ದರೆ ಚುನಾವಣಾ ಆಯೋಗ. ಬಾಂಗ್ಲಾದೇಶದ ನಿಯಮಕ್ಕಿಂತ ಇದು ವಾಸಿ ಅಂತ ನನ್ನ ಅನಿಸಿಕೆ. ಆದರೂ 2023ರ ಆಗಸ್ಟ್‌ನಲ್ಲಿ ಬಂದ ಅನ್ವಾರುಲ್ ಹಕ್ ಕಾಕರ್ ಕಾಲದಲ್ಲಿ 90 ದಿನದ ಗಡುವು ದಾಟಿ 2024ರ ಫೆಬ್ರವರಿ 8ಕ್ಕೆ ಮತದಾನ ಆಯಿತು. ಹೊಸ ಜನಗಣತಿ, ಕ್ಷೇತ್ರ ಮರುವಿಂಗಡಣೆ ಅಂದರು. ಕಾರಣ ಸುಳ್ಳಲ್ಲ. ಮುಂದೂಡುವವರ ಹತ್ತಿರ ಕಾರಣ ಯಾವಾಗಲೂ ಇರುತ್ತದೆ.

ನಮ್ಮ ಸಂವಿಧಾನದಲ್ಲಿ ಹಂಗಾಮಿ ಪ್ರಧಾನಿ ಅನ್ನುವ ಪದವೇ ಇಲ್ಲ. ಲೋಕಸಭೆ ವಿಸರ್ಜನೆಯಾದರೂ ಮಂತ್ರಿಮಂಡಲ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿದೆ. ಚುನಾವಣೆ ನಡೆಸುವುದು 324ನೇ ವಿಧಿಯ ಪ್ರಕಾರ ಆಯೋಗ. ನಿವೃತ್ತ ಜಡ್ಜ್ ಬೇಕು ಅನ್ನುವವರು, ಆಯೋಗದ ಸದಸ್ಯರನ್ನು ಹೇಗೆ ಆರಿಸುತ್ತಾರೆ ಅಂತ ಮೊದಲು ಓದಿಕೊಂಡು ಬಂದರೆ ನನಗೆ ಸಂತೋಷ.

ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದವರು ಶಹಾಬುದ್ದೀನ್ ಅಹ್ಮದ್. 1990ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ರಾಷ್ಟ್ರಪತಿ ಎರ್ಷಾದ್ ರಾಜೀನಾಮೆ ಕೊಟ್ಟಾಗ 13ನೇ ತಿದ್ದುಪಡಿ ಇನ್ನೂ ಹುಟ್ಟಿರಲಿಲ್ಲ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಇವರನ್ನು ಹೋರಾಡುತ್ತಿದ್ದ ಪಕ್ಷಗಳೆಲ್ಲ ಸೇರಿ ಹಂಗಾಮಿ ರಾಷ್ಟ್ರಪತಿಯಾಗಲು ಒಪ್ಪಿಸಿದವು. ಅವರು ಒಂದು ಷರತ್ತು ಹಾಕಿದರು. ಕೆಲಸ ಮುಗಿದ ಮೇಲೆ ತಾನು ಕೋರ್ಟಿಗೆ ವಾಪಸ್ ಹೋಗಬೇಕು. 1991ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. ಅವರು ವಾಪಸ್ ಹೋಗಲೆಂದೇ ಸಂವಿಧಾನಕ್ಕೆ 11ನೇ ತಿದ್ದುಪಡಿ ತಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ರಾಷ್ಟ್ರಪತಿ ಭವನ ಬಿಟ್ಟು ಮತ್ತೆ ಕೋರ್ಟಿನ ಪೀಠದ ಮೇಲೆ ಕೂತರು.